ತಮ್ಮನ ಕೋಣೆಯ ಟೀವಿ

ಧೂಳು, ಬೆರಳಿಗೆ ಮೊದಲು ತಗುಲಿದ್ದು ಧೂಳು, ಅದೂ ಒಣ ಧೂಳಲ್ಲ, ತೆಂಗಿನೆಣ್ಣೆ ಕಲೆಸಿದ ಅಂಟು ಧೂಳು, ಇದು ತಮ್ಮನ ಹೆಂಡತಿ ಸೇಲಾಳದೇ ಕೆಲಸ, ಗಂಡನ ಸೋತ ಕಾಲಿಗೆ ಎಣ್ಣೆ ತಿಕ್ಕಿದ ಕೈಯಲ್ಲೇ ಮನೆಯ ಸಾಮಾನೆಲ್ಲ ಮುಟ್ಟುತ್ತಾಳೆ ಮಹಾರಾಯ್ತಿ, ಇರಲಿ, ಅವಳಾದರೂ ಒಬ್ಬಳೇ ಎಷ್ಟು ಮಾಡಿಯಾಳು — ಗುಂಡಿ ಎಲ್ಲಿ, ಈ ಹಾಳು ಟೀವಿಗೆ ಗುಂಡಿಯನ್ನೇ ಇಟ್ಟಿಲ್ಲವೇ, ಲೊಸಾಲಿನೆ ಚಾಪೆಯ ಮೇಲೆ ಮಂಡಿಯೂರಿ ಟೀವಿಯ ಹೊಟ್ಟೆಯಡಿ ತಡಕುತ್ತಿದ್ದಳು, ತಲೆಯ ಮೇಲೆ ರಗ್ಬಿಯವರು ಒಬ್ಬರ ಮೇಲೊಬ್ಬರು ಬಿದ್ದು ಅಬ್ಬರಿಸುತ್ತಿದ್ದರು, ಸದ್ದು ಎದೆಗೆ ಹೊಕ್ಕು ಹಲ್ಲಿನಲ್ಲಿ ನಡುಗುತ್ತಿತ್ತು, ಬೆನ್ನ ಹಿಂದೆ ಹಾಸಿಗೆ, ಹಾಸಿಗೆಯ ಮೇಲೆ ತಮ್ಮ ಮೊಸೆಸೆ, ಅವನು ನರಳುತ್ತಿದ್ದಾನೋ ನಿದ್ದೆ ಹೋಗಿದ್ದಾನೋ ಈ ಗದ್ದಲದಲ್ಲಿ ಯಾವ ದೇವರಿಗೆ ಕೇಳಬೇಕು, ಮೊದಲು ಇದರ ಬಾಯಿ ಮುಚ್ಚಿಸಬೇಕು, ಆಮೇಲೆ ಕಿವಿಗೊಟ್ಟರೆ ಅವನಿಗೆ ಏನಾಗಿದೆಯೆಂದು ತಿಳಿಯುತ್ತದೆ, ತಿರುಗಿ ನೋಡುವ ಹಾಗಿಲ್ಲ, ಒಡಹುಟ್ಟಿದವನು ಮಲಗುವ ಕೋಣೆಗೆ ಕಾಲಿಟ್ಟದ್ದೇ ಹೆಚ್ಚಾಯಿತು, ಇನ್ನು ಮೈಮೇಲೆ ಹೊದಿಕೆ ಇದೆಯೋ ಇಲ್ಲವೋ ಎಂಬಂಥವನನ್ನು ಅಕ್ಕ ನೋಡುವುದು ಬೇರೆ ಕೇಡು. ಪ್ಲಗ್ಗು ಕಿತ್ತುಬಿಡಬಹುದಿತ್ತು, ಆದರೆ ಅದಿರುವುದು ಅವನ ತಲೆದೆಸೆಯ ಗೋಡೆಯಲ್ಲಿ, ಅವನ ಹಾಸಿಗೆಯ ಮೇಲೆ ಮಂಡಿಯಿಟ್ಟು ಬಗ್ಗಬೇಕು, ಅದಾಗದು, ಸತ್ತರೂ ಆಗದು.

ಲಕ್ವ ಹೊಡೆದ ದಿನ ಮಾತು ಹೋಯಿತು, ಬಲಗೈ ಬಲಗಾಲು ಹೋದವು, ಉಳಿದದ್ದು ಎಡಗೈ, ಆ ಎಡಗೈಯಲ್ಲಿ ರಿಮೋಟು, ಆಕ್ಲೆಂಡಿನಿಂದ ಮಗಳು ಹಡಗಿನಲ್ಲಿ ದ್ವೀಪಕ್ಕೆ ಕಳಿಸಿದ ಈ ಬಾಗಿಲಗಲದ ಟೀವಿ, ನೀರು ಬೇಕಾದರೆ ಸದ್ದು ಏರಿಸುತ್ತಾನೆ, ಮಗ್ಗುಲಾಗಬೇಕಾದರೆ ಏರಿಸುತ್ತಾನೆ, ಸೇಲಾ ಎಲ್ಲಿದ್ದರೂ ಕೈಯಲ್ಲಿದ್ದದ್ದನ್ನು ಬಿಸಾಕಿ ಬಂದೆ ಬಂದೆ ಅನ್ನುತ್ತ ಓಡುತ್ತಾಳೆ, ಬೆಳಿಗ್ಗೆ ಅವಳು ಸಮಾರಂಭಕ್ಕೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಂಗಿಯ ಮಗಳ ಮದುವೆಗೆ ಹೊರಟಾಗ ಹೇಳಿದ್ದಳಲ್ಲ, ಅಕ್ಕಾ, ಕತ್ತಲಾಗೋದ್ರೊಳಗೆ ಬಂದ್ಬಿಡ್ತೀನಿ, ಅವರು ಜೋರು ಮಾಡಿದ್ರೆ ಸುಮ್ನೆ ಒಳಗೆ ಹೋಗಿ ನೋಡಿ, ಕಾಯಿಲೆ ಬಿದ್ದೋರ ಹತ್ರ ಎಂಥ ಕಟ್ಟುಪಾಡು, ಯಾರೂ ಏನೂ ಅಂದ್ಕೊಳ್ಳಲ್ಲ. ಹೋಗೇ ಹೋಗು, ನನಗೆ ಹೇಳ್ಕೊಡ್ಬೇಡ ಅಂದಿದ್ದಳು ಲೊಸಾಲಿನೆ. ಆಮೇಲೆ ಜಗುಲಿಯಲ್ಲಿ ಕೂತು ಚಾಪೆ ಹೆಣೆಯುತ್ತಿದ್ದಾಗ ಒಳಗೆ ಸದ್ದು ಏರಿತು, ಎಂದಿನ ಹಾಗೆ ಅಲ್ಲ, ಏರಿ ನಿಲ್ಲಲೇ ಇಲ್ಲ, ಏರುತ್ತ ಏರುತ್ತ ಕಿಟಕಿಯ ಗಾಜು ಗುಯ್‌ಗುಟ್ಟಿತು, ಇವಳು ಕೈಯಲ್ಲಿದ್ದ ಸಾಲು ಮುಗಿಸಿದಳು, ಹೌದು, ಮುಗಿಸಿಯೇ ಎದ್ದಳು, ಎದ್ದವಳು ಒಳಗೆ ಹೋಗಲಿಲ್ಲ, ಬೀದಿಗೆ ಹೋದಳು, ಯಾವನಾದರೂ ಗಂಡಸು ಸಿಕ್ಕರೆ ಒಳಗೆ ಕಳಿಸೋಣವೆಂದು, ಬೀದಿಯಲ್ಲಿ ಹಂದಿ ಬಿಟ್ಟರೆ ಯಾರೂ ಇಲ್ಲ, ಊರಿಗೆ ಊರೇ ಮದುವೆಗೆ ಹೋಗಿದೆ, ವಾಪಸು ಬಂದು ಬಾಗಿಲ ಪರದೆಯ ಸಂದಿಯಲ್ಲಿ ಒಂದೇ ಒಂದು ಸಲ ಇಣುಕಿದಳು, ಕಂಡದ್ದು ಅವನ ಎಡಗೈ ಮಾತ್ರ, ಮಂಚದ ಅಂಚಿನಿಂದ ಇಳಿಬಿದ್ದಿತ್ತು, ರಿಮೋಟು ಇರಲಿಲ್ಲ. ಎಲ್ಲೋ ಜಾರಿ ಬಿದ್ದಿದೆ, ಮಂಚದಡಿಯೋ ಗೋಡೆ ಸಂದಿಯೋ, ಪಾಪ, ಕಮ್ಮಿ ಮಾಡಲಾಗದೆ ಅವನಿಗೇ ತಲೆ ಸಿಡಿಯುತ್ತಿರಬೇಕು ಅಂದುಕೊಂಡಳು.

ಅವಳಿಗೆ ಗೊತ್ತಿದ್ದ ಮೊಸೆಸೆ ಎಂದರೆ ಒಂದು ಕೆಮ್ಮು, ಹುಡುಗನಿಗೆ ಮೀಸೆ ಚಿಗುರುವ ಮೊದಲೇ ಅಪ್ಪ ಅವನನ್ನು ಹಿತ್ತಲ ಗುಡಿಸಲಿಗೆ ಮಲಗಲು ಕಳಿಸಿದ, ಅಕ್ಕ ಇರುವ ಮನೆ, ನೀನು ಹೊರಗೆ, ಊರ ಕಟ್ಟುಪಾಡು ಅದು, ಅಲ್ಲಿಂದ ಮುಂದೆ ಅವನು ಮನೆಯೊಳಗೆ ಬರುವ ಮುಂಚೆ ಹಲಸಿನ ಮರದಡಿ ನಿಂತು ಒಮ್ಮೆ ಕೆಮ್ಮುತ್ತಿದ್ದ, ಆ ಕೆಮ್ಮು ಕೇಳಿ ಇವಳು ಬಟ್ಟೆ ಸರಿಮಾಡಿಕೊಂಡು ಹಿಂಬಾಗಿಲಿಂದ ಅಡುಗೆಮನೆಗೆ ಸರಿಯುತ್ತಿದ್ದಳು, ಜಗಳವಿಲ್ಲ, ಮುನಿಸಿಲ್ಲ, ಒಂದು ತಮಾಷೆಯ ಮಾತೂ ಇಲ್ಲ, ಎದುರೆದುರು ಕೂತು ಒಂದು ತುತ್ತು ಉಂಡದ್ದಿಲ್ಲ, ಆದರೆ ಮೊದಲ ಗೆಣಸು ಅಕ್ಕನಿಗೆ, ಕೊಬ್ಬಿದ ಹಂದಿ ಅಕ್ಕನಿಗೆ, ಆಸ್ಟ್ರೇಲಿಯಾದ ತೋಟಗಳಲ್ಲಿ ಹಣ್ಣು ಕಿತ್ತು ಬಂದಾಗ ಅಕ್ಕನಿಗೆಂದು ಚಪ್ಪಲಿ, ಅದನ್ನೂ ಕೈಗೆ ಕೊಡದೆ ಹೆಂಡತಿಯ ಕೈಲಿ ಕಳಿಸಿದ, ಒಂದು ಬೆರಳಷ್ಟು ದೊಡ್ಡದಾಗಿತ್ತು, ಅಕ್ಕನ ಕಾಲನ್ನು ಅವನು ಯಾವತ್ತು ನೋಡಿದ್ದ, ಅವಳು ಅದರೊಳಗೆ ಬಟ್ಟೆ ತುರುಕಿ ಹರಿಯುವವರೆಗೆ ಮೆಟ್ಟಿದಳು. ಅವಳಿನ್ನೂ ಹುಡುಗಿಯಾಗಿದ್ದಾಗ ಪಾದ್ರಿಯ ಮನೆಗೆ ಊರಿನ ಮೊದಲ ಟೀವಿ ಬಂತು, ವಿಡಿಯೋ ಕ್ಯಾಸೆಟ್ಟು ಹಾಕುವಂಥದ್ದು, ಪಾದ್ರಿಯ ಹೆಂಡತಿ ಬಾಗಿಲಲ್ಲಿ ನಿಂತು ಕಾವಲು, ಈಗ ಹುಡುಗಿಯರು, ಎದ್ದೇಳ್ರೋ ಗಂಡುಗಳಾ, ಅಕ್ಕತಂಗೀರು ಬರ್ತಿದ್ದಾರೆ, ಹುಡುಗರೆಲ್ಲ ಹಿಂಬಾಗಿಲಿಂದ ಹೊರಗೆ, ಚಿತ್ರದ ನಡುವೆ ಒಬ್ಬ ಬಿಳಿಯ ಒಬ್ಬಳ ಬಾಯಿಗೆ ಬಾಯಿ ಹಾಕಿದ, ಹುಡುಗಿಯರೆಲ್ಲ ಕಿಟಾರನೆ ಕಿರುಚಿ ನಕ್ಕರು, ಲೊಸಾಲಿನೆಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ, ಆಗ ಹಿಂದಿನ ಮೆಟ್ಟಿಲಿನಿಂದ ಬಂತು ಆ ಕೆಮ್ಮು, ಅವನು ಅಲ್ಲೇ ಕೂತಿದ್ದ, ಗೋಡೆಯಾಚೆಯಿಂದ ಬರಿಯ ಸದ್ದು ಕೇಳುತ್ತ ಕೂತಿದ್ದ, ಅಕ್ಕ ಇಂಥದಕ್ಕೆ ನಕ್ಕದ್ದು ತಮ್ಮ ಕೇಳಿಸಿಕೊಂಡ, ಅಯ್ಯೋ ಆ ನಾಚಿಕೆ, ಮುಖ ಸುಟ್ಟುಹೋಯಿತು, ಅವನು ನಾಚಿಕೆಯಿಂದ ಎರಡು ದಿನ ಮನೆಯ ಕಡೆ ಬರಲಿಲ್ಲ, ಸಮುದ್ರದ ಕಡೆ ಎಲ್ಲೋ ಮಲಗಿದನಂತೆ. ಲಕ್ವ ಆ ಕೆಮ್ಮನ್ನೂ ತೆಗೆದುಕೊಂಡು ಹೋಯಿತು.

ಏ ಲೊಸಾಲಿನೇ, ಏನೇ ಅದು, ಕಿವಿ ತೂತು ಬೀಳ್ತಿದೆ, ಸತ್ತೋರೂ ಎದ್ದು ಕೂರ್ತಾರೆ, ಅದು ಬೇಲಿಯಾಚೆಯಿಂದ ವೀಕಾ, ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು ಕುರ್ಚಿ ಹಿಡಿದ ಮುದುಕಿ, ಮದುವೆಗೆ ಹೋಗದೆ ಉಳಿದವರು ಅವಳೊಬ್ಬಳು ಇವಳೊಬ್ಬಳು. ರಿಮೋಟು ಕಾಣಿಸ್ತಿಲ್ಲ ಕಣೇ, ಕಿಟಕಿಯತ್ತ ಮುಖ ಮಾಡಿ ಕೂಗಿದಳು. ರಿಮೋಟು ಇಲ್ದಿದ್ರೆ ಏನಂತೆ, ನಮ್ಮನೇಲಿ ಇಲಿ ಕಚ್ಕೊಂಡು ಹೋಗಿ ಆರು ತಿಂಗ್ಳಾಯ್ತು, ಕೆಳಗೆ ತಡಕು, ಪರದೆ ಅಡಿ, ನಟ್ಟನಡುವೆ, ಹಂದಿಮರಿ ಮೊಲೆ ಹಾಗೆ ಒಂದು ಸಣ್ಣದು ಸಿಗುತ್ತೆ. ಥೂ, ನಿನ್ನ ಬಾಯಿಗಿಷ್ಟು — ತಮ್ಮ ಇದ್ದಾನೆ ಕಣೇ ಇಲ್ಲಿ, ಅಂಥ ಮಾತು ಆಡ್ಬೇಡ. ಅವನಿಗೆ ಈಗ ಏನು ಕೇಳುತ್ತೆ ಬಿಡೇ, ಸಿಕ್ತಾ, ಒಳಗೆ ಒತ್ತಿದ್ರೆ ಪಟ್ಟಿ ಬರುತ್ತೆ, ಪಕ್ಕಕ್ಕೆ ತಳ್ಳಿದ್ರೆ ಸದ್ದು, ಒತ್ತಿ ಹಿಡ್ಕೊಂಡ್ರೆ ಆರೇಹೋಗುತ್ತೆ. ಸಿಕ್ಕಿತು, ನಿಜವೇ, ಬೆರಳ ತುದಿಯಷ್ಟಿನ ಮೊಳಕೆ, ಒತ್ತಿದಳು, ಪರದೆಯ ತುಂಬ ಏನೇನೋ ಚೌಕಗಳು ಬಂದು ರಗ್ಬಿಯವರ ಮುಖ ಮುಚ್ಚಿದವು, ಮತ್ತೆ ಒತ್ತಿದಳು, ನೀಲಿ ಬಂತು, ಸದ್ದೇ ಇಲ್ಲ, ಅಬ್ಬಾ ಅನ್ನುವುದರೊಳಗೆ ಇನ್ನೊಮ್ಮೆ ಬೆರಳು ತಗುಲಿ ರಗ್ಬಿ ಬಂತು, ಅಬ್ಬರ ಬಂತು, ಅಯ್ಯೋ ಕೈಗೆ ಬಂದದ್ದು ಹೋಯಿತು, ಬೆವರು ಕಣ್ಣಿಗಿಳಿದು ಉರಿಯುತ್ತಿದೆ, ಮೊಸೆಸೇ, ಇನ್ನೊಂದು ಗಳಿಗೆ ತಡ್ಕೋ ಅಂತ ಹೇಳಬೇಕೆನಿಸಿತು, ಹೇಳಲಿಲ್ಲ, ಪಕ್ಕಕ್ಕೆ ತಳ್ಳಿದಳು, ಪರದೆಯ ಬುಡದಲ್ಲಿ ಒಂದು ಹಸಿರು ಗೆರೆ ಮೂಡಿತು, ಈ ತುದಿಯಿಂದ ಆ ತುದಿಗೆ ತುಂಬಿದ್ದ ಗೆರೆ, ಕಡ್ಡಿ ಕಡ್ಡಿಯಾಗಿ ಕರಗತೊಡಗಿತು, ಸದ್ದು ಇಳಿಯಿತು, ದೇವರು ದೊಡ್ಡವನು, ಅರ್ಧಕ್ಕೆ ಬಂತು, ಹೊರಗೆ ಕೋಳಿ ಕೂಗುವುದು ಕೇಳಿಸಿತು, ಸಾಕೆಂದು ಬೆರಳು ತೆಗೆದಳು.

ಹಸಿರು ಗೆರೆ ಮತ್ತೆ ಏರಿತು, ತಾನಾಗಿ, ಒಂದೊಂದೇ ಕಡ್ಡಿ, ಬಲಕ್ಕೆ, ಬಲಕ್ಕೆ, ಸದ್ದು ಮತ್ತೆ ಗೋಡೆಗೆ ಬಡಿಯಿತು. ಕೆಟ್ಟಿತೇ ಟೀವಿ, ಮತ್ತೆ ಇಳಿಸಿದಳು, ಬೆರಳು ತೆಗೆದಳು, ಮತ್ತೆ ಏರಿತು, ಮೂರನೆಯ ಸಲವೂ ಏರಿತು, ಆಗ ಹೊಳೆಯಿತು ಅವಳಿಗೆ, ಹೊಳೆದು ಮೈಯೆಲ್ಲ ಬಿಸಿಯಾಯಿತು, ಅವನು, ಇವನೇ, ರಿಮೋಟು ಕಳೆದಿಲ್ಲ ಏನಿಲ್ಲ, ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ಏರಿಸುತ್ತಿದ್ದಾನೆ, ಎಚ್ಚರವಾಗಿದ್ದಾನೆ, ಚೆನ್ನಾಗಿದ್ದಾನೆ, ಅಕ್ಕ ಬೆನ್ನು ಹಾಕಿ ಒದ್ದಾಡುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದಾನೆ ಕಳ್ಳ, ಇವಳು ಇಳಿಸುವುದು, ಅವನು ಏರಿಸುವುದು, ಆಟ, ಅಕ್ಕನ ಜೊತೆ ಆಟ, ಹುಟ್ಟಿದಾಗಿನಿಂದ ಆಡದ ಆಟ ಈ ವಯಸ್ಸಿನಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ — ಇವಳು ಬೇಕೆಂತಲೇ ಒಮ್ಮೆಲೇ ತುಂಬ ಇಳಿಸಿದಳು, ನೋಡೋಣ ಈಗ ಅಂತ, ಏರಿತು, ನಕ್ಕುಬಿಟ್ಟಳು, ಪಾದ್ರಿಯ ಮನೆಯಲ್ಲಿ ನಕ್ಕ ಹಾಗೆ, ಈ ಸಲ ನಾಚಿಕೆಯಾಗಲಿಲ್ಲ, ಸಾಕು ಬಿಡೋ, ಬೆರಳು ನೋಯ್ತಿದೆ ಕಣೋ, ಅಂದಳು, ತಮ್ಮನಿಗೆ ಬಿಡೋ ಅಂದಳು, ಕಣೋ ಅಂದಳು, ಅಂದ ಬಾಯನ್ನೇ ಕೈಯಿಂದ ಮುಚ್ಚಿಕೊಂಡಳು. ಏನೇ ಮಾಡ್ತಿದೀಯ, ಒತ್ತಿ ಹಿಡಿಯೇ, ಆರಿಸೇ ಅಂತ ವೀಕಾ ಕೂಗಿದಳು, ಇರೇ ನೀನು ಸುಮ್ನೆ ಅಂದಳು ಇವಳು, ಆರಿಸಿದರೆ ಆಟ ಮುಗಿಯುತ್ತದೆ, ಆರಿಸುವುದಿಲ್ಲ, ಇಳಿಸಿದಳು, ಏರಿತು, ಇಳಿಸಿದಳು, ಚಪ್ಪಲಿ ದೊಡ್ಡದಾಗಿತ್ತು ಕಣೋ, ನಾನು ಹೇಳಲೇ ಇಲ್ಲ, ಏರಿತು, ನೀನು ಮೆಟ್ಟಿಲ ಮೇಲೆ ಕೂತಿದ್ದೀಯ ಅಂತ ಗೊತ್ತಿದ್ದರೆ ನಾನು ನಗುತ್ತಲೇ ಇರಲಿಲ್ಲ, ಇಳಿಸಿದಳು, ಏರಿತು, ಒಂದೇ ಸಮನೆ ಏರಿತು, ಸ್ವಲ್ಪ ಕಾಯಿಸಿ ಏರಿಸಬಾರದೇ, ನನ್ನನ್ನು ಮೋಸ ಮಾಡಬಾರದೇ, ಒಂದು ಸಲವಾದರೂ ಸೋತು ಕೊಡಬಾರದೇ, ಆಟ ಆಡುವವರು ಹೀಗೆ ಆಡುವುದಿಲ್ಲ. ಅವಳ ನಗು ಅಲ್ಲಿಗೆ ನಿಂತಿತು.

ಪಂದ್ಯ ಮುಗಿದು ಪರದೆ ಒಂದು ಕ್ಷಣ ಕಪ್ಪಾಯಿತು, ಕಪ್ಪಿನಲ್ಲಿ ಕೋಣೆ ಕಂಡಿತು, ಮಂಡಿಯೂರಿದ ದಪ್ಪ ಹೆಂಗಸು ಇವಳು, ಹಿಂದೆ ಮಂಚ, ತಿರುಗಿ ನೋಡದೆಯೇ ಅವಳಿಗೆ ತಮ್ಮ ಕಂಡುಬಿಟ್ಟ, ಎಡಮಗ್ಗುಲಿಗೆ ಉರುಳಿ ಬಿದ್ದಿದ್ದಾನೆ, ಕೆನ್ನೆ ಮಂಚದ ಅಂಚಿನಲ್ಲಿ, ಬಾಯಿ ತೆರೆದಿದೆ, ಕಣ್ಣು ತೆರೆದಿದೆ, ಕಣ್ಣು ಇವಳ ಬೆನ್ನಿನ ಮೇಲೆ, ರೆಪ್ಪೆ ಹೊಡೆಯುತ್ತಿಲ್ಲ, ಕೈ ಆಗ ಹೇಗೆ ಇಳಿಬಿದ್ದಿತ್ತೋ ಹಾಗೇ ಇದೆ, ಅಲುಗಿಯೇ ಇಲ್ಲ, ತೋಳಿನಡಿಯಿಂದ ರಿಮೋಟಿನ ಮೂತಿ ಇಷ್ಟೇ ಇಷ್ಟು ಹೊರಗೆ, ಅದರ ಮೇಲೆ ಅವನ ಇಡೀ ಮೈಯ ಭಾರ. ಯಾರೂ ಏರಿಸುತ್ತಿಲ್ಲ. ಭಾರ ಏರಿಸುತ್ತಿದೆ. ಇವಳು ಸಾಲು ಮುಗಿಸುವಾಗ ಬದುಕಿದ್ದನೇ, ಬೀದಿಯಲ್ಲಿ ಗಂಡಸರನ್ನು ಹುಡುಕುವಾಗ, ಇಣುಕಿದಾಗ, ಆಗಲೂ ಇದ್ದನೇ, ಒಂದು ಕೈ ಕೊಟ್ಟು ಎತ್ತಿ ಮಗ್ಗುಲಾಗಿಸಿದ್ದರೆ ಸಾಕಿತ್ತೇ, ನಾನು ನಗುತ್ತಿದ್ದೆನಲ್ಲೋ ದೇವರೇ, ನಗುತ್ತಿದ್ದೆ, ಇನ್ನು ಎಲ್ಲರೂ ಬರುತ್ತಾರೆ, ಕಪ್ಪು ಉಟ್ಟು ಬರುತ್ತಾರೆ, ದಾರಿ ಬಿಡಿ, ಅಕ್ಕ ಬರಲಿ ಅನ್ನುತ್ತಾರೆ, ಹೆಣದ ತಲೆದೆಸೆ ಅಕ್ಕನದು, ಅದು ಅವಳ ಗೌರವ, ಚಾಪೆಗಳ ರಾಶಿಯ ಮೇಲೆ ಅವನ ತಲೆಯ ಪಕ್ಕ ಕೂರಿಸುತ್ತಾರೆ, ಆಗ ಎಷ್ಟು ಬೇಕಾದರೂ ನೋಡಬಹುದು, ಮುಟ್ಟಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಪ್ಪು ಹೋಗಿ ಯಾವುದೋ ಸೋಪಿನ ಜಾಹೀರಾತು ಬಂತು, ಹೆಂಗಸೊಬ್ಬಳು ನಗುತ್ತ ಹಾಡಿದಳು, ಲೊಸಾಲಿನೇ, ಏನಾಯ್ತೇ, ಬೇಲಿಯಾಚೆಯಿಂದ ವೀಕಾ, ಇವಳು ತಿರುಗಲಿಲ್ಲ, ಬೆರಳು ಇನ್ನೂ ಅಲ್ಲೇ ಇತ್ತು, ಇಳಿಸಿದಳು, ಕೊನೆಯ ಕಡ್ಡಿಯವರೆಗೆ ಇಳಿಸಿದಳು, ಕೋಣೆ ನಿಶ್ಶಬ್ದವಾಯಿತು, ಉಸಿರು ಕೇಳುವಷ್ಟು ನಿಶ್ಶಬ್ದ, ಒಂದೇ ಉಸಿರು ಕೇಳಿಸಿತು, ಅದು ಅವಳದು, ಬೆರಳು ತೆಗೆದಳು, ಹಸಿರು ಗೆರೆ, ಒಂದು ಕಡ್ಡಿ, ಇನ್ನೊಂದು ಕಡ್ಡಿ, ಇಳಿಸಿದಳು, ತೆಗೆದಳು, ಹಸಿರು ಗೆರೆ, ಒಂದು ಕಡ್ಡಿ, ಇನ್ನೊಂದು