ಕುರ್ಚಿ ತಿರುಗಿಸುವ ವಿಚಾರ

ಹೊಸ ಸ್ಟೂಲು ಬಂದ ದಿನ ಅದರ ಮೇಲೆ ಮೊದಲು ಕೂತವರು ಹಲ್ಲಿನ ಡಾಕ್ಟರ್ ಶುಭಾ ಅಲ್ಲ, ಅವಳ ಮಾವ ರಾಮಪ್ರಸಾದರು. ಪದ್ಮನಾಭನಗರದ ಆ ಮನೆಗೆ ಫ್ರಿಜ್ಜು ಬರಲಿ, ಮಿಕ್ಸಿ ಬರಲಿ, ಮೊದಲು ಪರೀಕ್ಷಿಸುವ ಹಕ್ಕು ಅವರದು. ನಿವೃತ್ತ ಎಕ್ಸಿಕ್ಯೂಟಿವ್ ಇಂಜಿನಿಯರು. ನಿವೃತ್ತಿ ಸಂಬಳಕ್ಕೆ ಮಾತ್ರ, ತಪಾಸಣೆಗಲ್ಲ. ಸ್ಟೂಲು ಕುದುರೆಯ ಜೀನಿನ ಆಕಾರದಲ್ಲಿತ್ತು. ಎರಡೂ ಕಡೆ ಕಾಲು ಇಳಿಬಿಟ್ಟು ಕೂತರೆ ಸೊಂಟ ಹಗುರಾಗಿ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ರಾಮಪ್ರಸಾದರು ಪಂಚೆ ಎತ್ತಿಕಟ್ಟಿ ಹತ್ತಿದರು, ಒಂದು ಸುತ್ತು ತಿರುಗಿದರು, ಇಳಿದರು.

"ಏನಮ್ಮಾ ಇದು, ಕುದುರೆ ಸವಾರಿ? ಪೇಷಂಟುಗಳ ಮುಂದೆ ಹೆಣ್ಮಕ್ಕಳು ಕೂರೋ ಭಂಗೀನಾ ಇದು?"

"ಪೇಷಂಟುಗಳು ಮಲಗಿರ್ತಾರೆ ಮಾವ. ಫ್ಯಾನ್ ನೋಡ್ತಿರ್ತಾರೆ," ಅಂದಳು ಶುಭಾ.

"ಆದ್ರೂ."

ಈ 'ಆದ್ರೂ' ರಾಮಪ್ರಸಾದರ ಅಂತಿಮ ತೀರ್ಪು. ಅದರ ಮೇಲೆ ಅಪೀಲು ಹೋದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸ್ಟೂಲು ಶೋಕಿಗೆ ತರಿಸಿದ್ದಲ್ಲ. ಶುಭಾಳ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ತಿಂಗಳುಗಳಾಗಿದ್ದವು. ಜಯನಗರದ ಮೂಳೆ ಡಾಕ್ಟರು ಸ್ಕ್ಯಾನ್ ಎತ್ತಿ ಬೆಳಕಿಗೆ ಹಿಡಿದು, ಕುತ್ತಿಗೆಯ ಒಂದು ಡಿಸ್ಕು ನರವನ್ನು ಒತ್ತುತ್ತಿದೆ ಎಂದು ತೋರಿಸಿದ್ದರು. "ಮೊದಲು ಮೂರು ವಾರ ರೆಸ್ಟು. ಆಮೇಲೆ ಕೂರೋ ರೀತಿ ಬದಲಾಯಿಸಿ. ಹೀಗೇ ಸೊಟ್ಟಗೆ ಬಗ್ಗಿಕೊಂಡು ಕೆಲಸ ಮಾಡಿದ್ರೆ ಆ ಕೈಗೆ ನಾನು ಗ್ಯಾರಂಟಿ ಕೊಡಲ್ಲ." ಮೂರು ವಾರ ಕ್ಲಿನಿಕ್ ಮುಚ್ಚುವ ಮಾತು ಮನೆಯಲ್ಲಿ ಎತ್ತುವುದಕ್ಕಿಂತ ಸ್ಟೂಲು ತರಿಸುವುದು ಸುಲಭ ಅನ್ನಿಸಿತ್ತು ಅವಳಿಗೆ. ಬೆರಳಿಗೆ ಸ್ಪರ್ಶವಿಲ್ಲದ ಹಲ್ಲಿನ ಡಾಕ್ಟರು ಏನು ಮಾಡಬಹುದು? ರಿಸೆಪ್ಷನ್ನಿನಲ್ಲಿ ಕೂರಬಹುದು.

ಸಲಹೆಗೇನೂ ಬರವಿರಲಿಲ್ಲ. ಅವಳು ಕುತ್ತಿಗೆ ಹಿಡಿದುಕೊಂಡಿದ್ದು ನೋಡಿದವರೆಲ್ಲ ಏನಾದರೊಂದು ಹೇಳಿಯೇ ಹೋಗುತ್ತಿದ್ದರು. ಒಬ್ಬರು ಎಳ್ಳೆಣ್ಣೆ, ಒಬ್ಬರು ಭುಜಂಗಾಸನ. ಬನಶಂಕರಿಯ ಒಬ್ಬ ಮಹಾಶಯರು ಬಾಯೊಳಗೆ ಹತ್ತಿ ತುರುಕಿಸಿಕೊಂಡೇ, ಮೆತ್ತನೆಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, "ಮೇಂ, ಪೋಶ್ಚರ್ ಶರಿ ಇಲ್ಲ ನಿಮ್ದು" ಅಂದಿದ್ದರು. ಶುಭಾ ಆ ಹಲ್ಲನ್ನು ಅಗತ್ಯಕ್ಕಿಂತ ಸ್ವಲ್ಪ ಚುರುಕಾಗಿಯೇ ಕಿತ್ತಳು.

ಸ್ಟೂಲಿನ ಮೇಲೆ ಅವಳು ಕೊನೆಗೂ ಕೂತಾಗ ಬೆನ್ನು ನಿಜಕ್ಕೂ ನೆಟ್ಟಗಾಯಿತು. ಅಷ್ಟೇ, ಕೆಲಸ ಮಾಡಲಾಗಲಿಲ್ಲ. ಆ ಸ್ಟೂಲಿನಲ್ಲಿ ಕೂತವರು ರೋಗಿಯ ತಲೆಯ ಹಿಂದಕ್ಕೆ ಸರಿದು, ಮೊಣಕಾಲನ್ನು ಕುರ್ಚಿಯ ಕೆಳಗೆ ತೂರಿಸಿ, ಬಾಯನ್ನು ಮೇಲಿನಿಂದ ನೇರವಾಗಿ ನೋಡಬೇಕು. ಇಲ್ಲಿ ರೋಗಿಯ ತಲೆಯ ಹಿಂದೆ ಇದ್ದದ್ದು ಗೋಡೆ. ಮಧ್ಯೆ ಒಂದು ಕಸದ ಬುಟ್ಟಿ ಹಿಡಿಸುವಷ್ಟು ಜಾಗ. ಸ್ಟೂಲಿನ ಚಕ್ರ ಗೋಡೆಗೆ ಟಕ್ಕೆಂದು ಬಡಿದು ನಿಂತಿತು. ಶುಭಾ ಮತ್ತೆ ಪಕ್ಕಕ್ಕೇ ಬಂದಳು, ಸೊಂಟ ಒಂದು ದಿಕ್ಕಿಗೆ, ಕುತ್ತಿಗೆ ಇನ್ನೊಂದು ದಿಕ್ಕಿಗೆ ತಿರುಚಿದಳು.

ಎದುರು ಬದಿಯಲ್ಲಿ ಸಹಾಯಕಿ ಚೈತ್ರ ನಿಂತಿದ್ದಳು. ಇಟ್ಟಮಡುವಿನಿಂದ ಬರುವವಳು. ಜೊಲ್ಲು ಎಳೆಯುವ ಪೈಪು ಹಿಡಿದು ಇಡೀ ದಿನ ಅವಳು ಬಾಗುವುದು ಶುಭಾಳ ತದ್ವಿರುದ್ಧ ಕೋನದಲ್ಲಿ. ನೋವಿನ ಮುಲಾಮಿನ ವಾಸನೆ ಇಬ್ಬರಿಗೂ ಒಂದೇ.

"ಮೇಡಂ, ನಿಮ್ದು ಎಡಕ್ಕೆ ಹೋಗಿದೆ, ನಂದು ಬಲಕ್ಕೆ. ಇಬ್ರನ್ನೂ ಸೇರಿಸಿದ್ರೆ ಒಂದು ಸರಿಯಾದ ಕುತ್ತಿಗೆ ಸಿಗುತ್ತೆ ನೋಡಿ," ಅಂದಳು ಚೈತ್ರ.

ಶುಭಾ ನಗಲಿಲ್ಲ. ಗೋಡೆ ನೋಡುತ್ತಿದ್ದಳು.

ಆ ಗೋಡೆಗೆ ಕುರ್ಚಿಯ ತಲೆಯನ್ನು ಅಂಟಿಸಿದ್ದು ವಾಸ್ತು. ಕಾರ್ ಶೆಡ್ಡನ್ನು ಕ್ಲಿನಿಕ್ ಮಾಡಿದ ವರ್ಷ ಕುರ್ಚಿ ಕಂಪನಿಯ ಮೆಕ್ಯಾನಿಕ್ಕು ಬಂದು, ರೋಗಿಯ ತಲೆ ಕೋಣೆಯ ನಡುವಿಗೆ ಬರುವಂತೆ, ಹಿಂದೆ ಡಾಕ್ಟರಿಗೆ ಧಾರಾಳ ಜಾಗ ಬಿಟ್ಟು, ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದ. ಆಗ ರಾಮಪ್ರಸಾದರ ಗೆಳೆಯ ಶಿವರಾಮ್ ಬಂದರು. ಮೊಬೈಲಿನಲ್ಲಿ ದಿಕ್ಸೂಚಿ ಇಳಿಸಿಕೊಂಡ ದಿನದಿಂದ ಅವರು ವಾಸ್ತು ತಜ್ಞರು. ಮೊಬೈಲನ್ನು ಆರತಿ ತಟ್ಟೆಯಂತೆ ಹಿಡಿದು ಕೋಣೆ ಸುತ್ತಿ, "ಉತ್ತರಕ್ಕೆ ತಲೆ! ಬಂದವರ ಆಯಸ್ಸು ಕಮ್ಮಿ ಮಾಡಿ ಕಳಿಸ್ತೀರಾ ರಾಮಪ್ರಸಾದ್?" ಅಂದರು. ಅಡ್ಡಡ್ಡ ಇಡೋಣವೆಂದರೆ ಕೋಣೆ ಕಿರಿದು. ಉಳಿದದ್ದು ದಕ್ಷಿಣ. ಸರ್ವೀಸಿನಲ್ಲಿ ಒಂದು ತೂಬು ಅರ್ಧ ಇಂಚು ಓರೆಯಾದರೂ ಗುತ್ತಿಗೆದಾರನನ್ನು ನಡುಗಿಸುತ್ತಿದ್ದ ಇಂಜಿನಿಯರು ಆ ಚಾಕಿನ ಗುರುತನ್ನು ತಮ್ಮ ಚಪ್ಪಲಿಯಿಂದಲೇ ಒರೆಸಿದರು. ಹೊಸ ಸೊಸೆಯಾಗಿದ್ದ ಶುಭಾ, ಹೇಗೋ ಆಗುತ್ತದೆ ಎಂದುಕೊಂಡು ಕಾಫಿ ತರಲು ಒಳಗೆ ಹೋಗಿದ್ದಳು.

ಅಂದಿನಿಂದ ಚಿಕ್ಕಲಸಂದ್ರ, ಉತ್ತರಹಳ್ಳಿ, ಇಟ್ಟಮಡುವಿನ ಜನ ದಕ್ಷಿಣಕ್ಕೆ ತಲೆ ಹಾಕಿ ಸುಖವಾಗಿ ಹಲ್ಲು ಕೀಳಿಸಿಕೊಂಡು ಹೋದರು. ಅವರ ಆಯಸ್ಸಿಗೇನೂ ಆಗಲಿಲ್ಲ. ಆದದ್ದೆಲ್ಲ ಶುಭಾಳ ಕುತ್ತಿಗೆಗೆ.

ರಾತ್ರಿ ಊಟಕ್ಕೆ ಕೂತಾಗ ಅವಳು ನೇರವಾಗಿಯೇ ಹೇಳಿದಳು. "ಕುರ್ಚಿ ತಿರುಗಿಸಬೇಕು ಮಾವ."

ರಾಮಪ್ರಸಾದರು ಸಾರನ್ನ ಕಲಸುವುದು ನಿಲ್ಲಿಸಲಿಲ್ಲ. "ಆ ಕುರ್ಚಿ ಹಾಗಿರೋದಕ್ಕೇ ನಿನ್ನ ಪ್ರ್ಯಾಕ್ಟೀಸ್ ಈ ಮಟ್ಟಕ್ಕೆ ಬಂದಿರೋದು."

"ನಾನು ಕೆಲಸ ಮಾಡಿದ್ದಕ್ಕೆ ಬಂದಿರೋದು."

"ಮಾಡೋರು ತುಂಬಾ ಜನ ಇದಾರಮ್ಮ. ಕೂಡಿ ಬರಬೇಕಲ್ಲ. ನಾಳೆ ಶಿವರಾಮ್‌ಗೆ ಹೇಳ್ತೀನಿ. ತಾಮ್ರದ ಪಿರಮಿಡ್ಡು ಒಂದು ತಂದು ಗೋಡೆಗೆ ಹಾಕಿದ್ರೆ ನೋವು ಎಷ್ಟೋ ಕಮ್ಮಿಯಾಗುತ್ತೆ."

ಶುಭಾ ಗಂಡನ ಮುಖ ನೋಡಿದಳು. ಮಾಧವ ಆಡಿಟರು, ಎರಡೂ ಕಡೆಯ ಲೆಕ್ಕ ಸಮ ಮಾಡಿ ಕೈತೊಳೆದುಕೊಳ್ಳುವ ಅಭ್ಯಾಸ.

"ಅಪ್ಪಂಗೆ ಬಿಪಿ ಇದೆ ಶುಭಾ. ಸದ್ಯಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಯೋಗಾನೂ ಬಿಟ್ಟುಬಿಟ್ಟೆ ನೀನು."

"ನಿನ್ನ ರೂಮಿನ ಕುರ್ಚಿ, ಸೊಂಟಕ್ಕೊಂದು ದಿಂಬು, ಕುತ್ತಿಗೆಗೊಂದು ದಿಂಬು ಇರೋದು, ಅದು ಯಾವ ದಿಕ್ಕಿಗಿದೆ ಮಾಧವ?"

"ಅದು... ಕಿಟಕಿ ಕಡೆಗೆ."

"ಕಿಟಕಿ ಯಾವ ದಿಕ್ಕು? ಶಿವರಾಮ್ ಅವರನ್ನ ಕೇಳಿದ್ಯಾ ತರಿಸುವಾಗ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅದರಲ್ಲಿ ಕೂರೋನು ನೀನು. ಅದೇ ಸಂಬಂಧ," ಎಂದು ತಟ್ಟೆ ಎತ್ತಿಕೊಂಡು ಎದ್ದಳು. ತಟ್ಟೆಯನ್ನು ಸಿಂಕಿಗೆ ಹಾಕಿದ ಸದ್ದಿಗೆ ಮೂರನೇ ಮನೆಯ ನಾಯಿ ಬೊಗಳಿತು. ರಾಮಪ್ರಸಾದರು ಮೊಸರು ಕೇಳಿದರು.

ಪಿರಮಿಡ್ಡು ಬಂತು. ಗೋಡೆಯ ಮೇಲೆ ಕೂತಿತು. ಹೊಸ ಸ್ಟೂಲಿನ ಮೇಲೆ ಚೈತ್ರ ಏಪ್ರನ್ನು ನೇತುಹಾಕತೊಡಗಿದಳು.

ಅದೇ ವಾರ ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳ ಹಲ್ಲು ಪರೀಕ್ಷಿಸುತ್ತಿದ್ದಾಗ ಟಣ್ ಎಂದು ಶಬ್ದವಾಯಿತು. ಚೈತ್ರ ಏನೋ ಬೀಳಿಸಿದಳೆಂದು ಶುಭಾ ತಲೆ ಎತ್ತಿದಳು. ಚೈತ್ರ ಅವಳ ಕೈಯನ್ನೇ ನೋಡುತ್ತಿದ್ದಳು. ಬೆರಳುಗಳು ಹಲ್ಲು ಕೆದಕುವ ಉಕ್ಕಿನ ಚೂಪು ಕಡ್ಡಿಯನ್ನು ಹಿಡಿದ ಭಂಗಿಯಲ್ಲೇ ಇದ್ದವು, ಕಡ್ಡಿ ನೆಲದ ಮೇಲಿತ್ತು. ಜಾರಿದ್ದು ಬೆರಳಿಗೆ ತಿಳಿದೇ ಇರಲಿಲ್ಲ. ಹುಡುಗಿಗೆ ಏನೂ ಆಗಲಿಲ್ಲ. ಬಾಯಿ ಮುಕ್ಕಳಿಸಿ, "ಥ್ಯಾಂಕ್ಯೂ ಆಂಟಿ" ಅಂದು ಹೋದಳು. ಶುಭಾ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಆ ಎರಡು ಬೆರಳುಗಳನ್ನು ಕಚ್ಚಿ ನೋಡಿಕೊಂಡಳು. ಹಲ್ಲಿನ ಗುರುತು ಬಿತ್ತು. ಅಷ್ಟಾಗಿ ನೋಯಲಿಲ್ಲ. ಹೊರಗೆ ಬಂದು ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ಕು ಬಂದು ಸ್ಪ್ಯಾನರ್ ಹಾಕಿದ್ದಷ್ಟೇ, ರಾಮಪ್ರಸಾದರು ಮಹಡಿಯಿಂದ ಇಳಿದು ಬಂದರು. ನೋಡಿದರು. ನೇರ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತು, ಕಾಲು ಮೇಲೆತ್ತಿ, ಒರಗಿಕೊಂಡರು.

"ನಾನು ಏಳೋದಿಲ್ಲ," ಅಂದರು.

"ಸಾರ್, ಎರಡು ನಟ್ ಬಿಚ್ಚಿಬಿಟ್ಟಿದೀನಿ, ಜಾಸ್ತಿ ಅಲ್ಲಾಡ್ಬೇಡಿ," ಅಂದ ಮೆಕ್ಯಾನಿಕ್ಕು.

"ಈ ಮನೆ ನಂದು. ಈ ನೆಲ ನಂದು."

"ಕುತ್ತಿಗೆ ನಂದು ಮಾವ," ಅಂದಳು ಶುಭಾ.

"ಗಂಡಸರು ಎಷ್ಟು ಜನ ಹಲ್ಲಿನ ಡಾಕ್ಟರುಗಳಿದಾರೆ, ಅವರೆಲ್ಲ ಬಗ್ಗಲ್ವಾ? ಒಂದು ಸ್ಟೂಲು ತರಿಸಿಕೊಂಡೆ, ಸರಿ. ಈಗ ದಿಕ್ಕನ್ನೇ ಬದಲಾಯಿಸ್ತೀನಿ ಅಂತೀಯ. ನಾಳೆ ಸೂರ್ಯನ್ನ ಆ ಕಡೆ ಹುಟ್ಟಿಸ್ತೀಯ."

ಶುಭಾಳ ಕಿವಿ ಬಿಸಿಯಾಯಿತು. ಅವಳು ಇಷ್ಟು ದಿನ ಒಳಗೇ ಮಾತಾಡಿದ್ದಳು: ಊಟದ ಮನೆಯಲ್ಲಿ, ಮಹಡಿ ಮೆಟ್ಟಿಲ ಮೇಲೆ, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ. ಈಗ ಹೋಗಿ ರೋಗಿಗಳು ಕಾಯುವ ಹೊರಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. ಅಲ್ಲಿ ನಾಲ್ಕೈದು ಜನ ಮೊಬೈಲು ನೋಡುತ್ತಾ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಚಿಕ್ಕಲಸಂದ್ರದ ಬೈರಣ್ಣ. ಅವನಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂರು ಬಾಡಿಗೆ ಬಿಲ್ಡಿಂಗು ಬೆಳೆದಿವೆ. ಅವನ ದವಡೆ ಹಲ್ಲಿನ ರೂಟ್ ಕೆನಾಲ್ ಅರ್ಧ ಆಗಿತ್ತು. ಕೆನ್ನೆಗೆ ಕರ್ಚೀಫು ಒತ್ತಿಕೊಂಡಿದ್ದ.

"ಎಲ್ರೂ ಕೇಳಿಸ್ಕೊಳಿ," ಅಂದಳು ಶುಭಾ. ದನಿ ಅವಳಿಗೇ ಹೊಸದಾಗಿತ್ತು. "ನನ್ನ ಬಲಗೈಯಲ್ಲಿ ಈ ಎರಡು ಬೆರಳಿಗೆ ಸ್ಪರ್ಶ ಇಲ್ಲ. ಈ ಕುರ್ಚಿ ಈ ಗೋಡೆಗೆ ಅಂಟಿಕೊಂಡಿರೋವರೆಗೂ ಅದು ವಾಸಿಯಾಗಲ್ಲ. ತಿರುಗಿಸೋಣ ಅಂದ್ರೆ ನಮ್ಮ ಮಾವನೋರು ಅದರ ಮೇಲೆ ಮಲಗಿದಾರೆ. ನಿಮ್ಮ ತಲೆ ಉತ್ತರಕ್ಕೆ ಬರುತ್ತಂತೆ. ನಿಮ್ಮೆಲ್ಲರ ಆಯಸ್ಸಿನ ಚಿಂತೆ ಅವರಿಗೆ. ಈಗ ಹೇಳಿ, ಈ ಕೈಯಲ್ಲಿ ಡ್ರಿಲ್ ಹಿಡೀಬೇಕು ನಾನು. ಮೊದಲು ಯಾರು ಬರ್ತೀರಾ?"

ಮೊಬೈಲುಗಳು ಕೆಳಗಿಳಿದವು. ಒಬ್ಬಾಕೆ ಮೆಲ್ಲಗೆ ಬ್ಯಾಗು ಹೆಗಲಿಗೇರಿಸಿದಳು.

"ಶುಭಾ!" ಅಂದರು ರಾಮಪ್ರಸಾದರು ಒಳಗಿನಿಂದ. ಮನೆಯ ಮಾತು ಬೀದಿಗೆ ಬಿತ್ತಲ್ಲ ಎಂಬ ಸಂಕಟ ಆ ದನಿಯಲ್ಲಿತ್ತು. ಕುತ್ತಿಗೆಯ ಬಗ್ಗೆ ಮಾತಾಡುವಾಗ ಅಂಥ ಸಂಕಟ ಒಮ್ಮೆಯೂ ಇಣುಕಿರಲಿಲ್ಲ.

ಬೈರಣ್ಣ ಎದ್ದು ನಿಂತ. "ಮೇಡಂ, ಹೋದ ವಾರ ನನ್ ಬಾಯಾಗೆ ಮಿಷಿನ್ ಇಟ್ಟಿದ್ರಲ್ಲ, ಆವಾಗ್ಲೂ ಬೆರಳು ಗೊತ್ತಾಗ್ತಿರ್ಲಿಲ್ವಾ?"

"ಅರ್ಧ ಗೊತ್ತಾಗ್ತಿತ್ತು."

ಬೈರಣ್ಣ ಕೆನ್ನೆಯ ಮೇಲಿನ ಕರ್ಚೀಫನ್ನು ಇನ್ನಷ್ಟು ಒತ್ತಿ ಹಿಡಿದು ಒಳಗೆ ನುಗ್ಗಿದ. ಕುರ್ಚಿಯ ಪಕ್ಕ ನಿಂತು, ಮಲಗಿದ್ದ ರಾಮಪ್ರಸಾದರನ್ನು ಮೇಲಿನಿಂದ ನೋಡಿದ.

"ಏಳಿ ಸಾರ್."

"ಬೈರಣ್ಣ, ನೀವು ತಿಳಿದೋರು. ಮನೆ ಕಟ್ಟಿಸೋವಾಗ ಎಲ್ಲ ಕೇಳೇ ಕಟ್ಸಿದೀರಿ. ಉತ್ತರಕ್ಕೆ ತಲೆ ಹಾಕಿ ಮಲಗ್ತೀರಾ ನೀವು?"

"ಮನೇಲಿ ಮಲಗಲ್ಲ ಸಾರ್. ಇಲ್ಲಿ ನಾನೇನ್ ಸಂಸಾರ ಹೂಡಕ್ಕೆ ಬಂದಿದೀನಾ? ನನ್ ದವಡೆ ಸಿಡೀತೈತೆ. ಆಯಮ್ಮನ ಕೈ ನೆಟ್ಟಗಿರ್ಬೇಕು ನಂಗೆ. ಏಳಿ ಅಂದ್ರೆ!"

ರಾಮಪ್ರಸಾದರು ಎದ್ದರು. ಬೇರೆಯವರ ಮುಂದೆ ಇನ್ನೊಬ್ಬ ಗಂಡಸಿನ ಕೈಯಲ್ಲಿ ಎಳೆಸಿಕೊಳ್ಳುವ ವಯಸ್ಸಲ್ಲ. ಪಂಚೆ ಸರಿಮಾಡಿಕೊಂಡು, ಯಾರನ್ನೂ ನೋಡದೆ, ಗೋಡೆಯ ಪಕ್ಕಕ್ಕೆ ಸರಿದು ನಿಂತರು.

ಮೆಕ್ಯಾನಿಕ್ಕು ಮೂರನೇ ನಟ್ಟಿಗೆ ಕೈ ಹಾಕಿದ. ಶುಭಾಳಿಗೆ ಆಗ ಸಮಾಧಾನ ಆಗಬೇಕಿತ್ತು. ಬದಲು ಸಿಟ್ಟು ಇನ್ನೂ ಒಂದು ಮೆಟ್ಟಿಲು ಹತ್ತಿತು. ಇಷ್ಟು ವರ್ಷ ತನ್ನ ಕುತ್ತಿಗೆ ಎಬ್ಬಿಸಲಾಗದ ಮನುಷ್ಯನನ್ನು ಬೈರಣ್ಣನ ಒಂದು ದವಡೆ ಹಲ್ಲು ಎಬ್ಬಿಸಿತ್ತು.

"ಬಿರ್ರನೆ ತಿರುಗ್ಸಪ್ಪ," ಅಂತ ಬೈರಣ್ಣ ಮೆಕ್ಯಾನಿಕ್ಕಿಗೆ ಹೇಳಿ, ಆಗಲೇ ವಾಚು ಬಿಚ್ಚಿ ಜೇಬಿಗಿಟ್ಟುಕೊಂಡ. "ಮೊದ್ಲು ನಂದೇ ಮೇಡಂ."

"ಇವತ್ತಿಲ್ಲ," ಅಂದಳು ಶುಭಾ.

"ಆಂ?"

"ಬೆರಳಿಗೆ ಸ್ಪರ್ಶ ಇಲ್ಲ ಅಂತ ಈಗ ತಾನೆ ಹೇಳಿದ್ನಲ್ಲ. ಕುರ್ಚಿ ತಿರುಗಿದ ತಕ್ಷಣ ಬಂದುಬಿಡಲ್ಲ ಅದು. ಮೂರು ವಾರ ನಾನು ಯಾರ ಬಾಯಿಗೂ ಕೈ ಹಾಕಲ್ಲ. ಬನಶಂಕರಿ ಸೆಕೆಂಡ್ ಸ್ಟೇಜಲ್ಲಿ ಡಾಕ್ಟರ್ ಸುರಭಿ ಅಂತಿದಾರೆ, ಫೋನ್ ಮಾಡಿ ಹೇಳ್ತೀನಿ, ಈಗ್ಲೇ ಹೋಗಿ."

"ಅಲ್ಲ ಮೇಡಂ, ಏಳಿಸಿದ್ದು ನಾನು! ಕೆಲಸ ಅವರ್ ಹತ್ರನಾ?"

"ಹೌದು."

ಬೈರಣ್ಣ ಗೊಣಗುತ್ತಾ ವಾಚು ಕಟ್ಟಿಕೊಂಡ. ಹೊರಕೋಣೆ ಖಾಲಿಯಾಯಿತು. ಗೋಡೆಯ ಪಕ್ಕದಿಂದ ರಾಮಪ್ರಸಾದರು ಕೇಳಿದರು. "ಮೂರು ವಾರ ಬಾಗಿಲು ಹಾಕಿದ್ರೆ ಜನ ಏನಂತಾರೆ?"

"ಡಾಕ್ಟರಿಗೆ ಹುಷಾರಿಲ್ಲ ಅಂತಾರೆ. ಹುಷಾರಿಲ್ಲ, ಅದಕ್ಕೆ."

ಪೈಪುಗಳನ್ನೆಲ್ಲ ಬೇರೆ ಕಡೆಯಿಂದ ಎಳೆದು, ಕುರ್ಚಿ ತಿರುಗಿ ಗಟ್ಟಿಯಾಗಿ ಕೂತಾಗ ಮಧ್ಯಾಹ್ನ ದಾಟಿತ್ತು. ಮೆಕ್ಯಾನಿಕ್ಕು ಹೋದ. ಚೈತ್ರ ಸ್ಟೂಲಿನ ಮೇಲಿದ್ದ ಏಪ್ರನ್ನು ತೆಗೆದು, ಎರಡೂ ಕಡೆ ಕಾಲು ಹಾಕಿ ಕೂತು, ಕುರ್ಚಿಯ ತಲೆಯ ಹಿಂದೆ ಆ ತುದಿಯಿಂದ ಈ ತುದಿಗೆ ಜಾರಿದಳು. ಎಲ್ಲಿಯೂ ತಗುಲಲಿಲ್ಲ.

"ಸಖತ್ತಾಗಿದೆ ಮೇಡಂ! ನಂಗೂ ಒಂದು ತರಿಸಿ."

"ತರಿಸ್ತೀನಿ. ಮನೆಗೆ ಹೋಗು ಈಗ. ಮೂರು ವಾರದ ಸಂಬಳ ಬರುತ್ತೆ, ನೀನೂ ಬಗ್ಗಬೇಡ."

ಚೈತ್ರ ಹೋದ ಮೇಲೆ ಶುಭಾ ಚಪ್ಪಲಿ ಬಿಟ್ಟು ರೋಗಿಯ ಕುರ್ಚಿ ಹತ್ತಿದಳು. ಇಷ್ಟು ವರ್ಷದಲ್ಲಿ ಅದರಲ್ಲಿ ಮಲಗಿದ್ದು ಇದೇ ಮೊದಲು. ಬಟನ್ ಒತ್ತಿದಳು, ಬೆನ್ನು ನಿಧಾನವಾಗಿ ಹಿಂದಕ್ಕೆ ಇಳಿಯಿತು. ಎಷ್ಟು ಮೆತ್ತಗಿದೆ ಅಂದುಕೊಂಡಳು. ಅದಕ್ಕೂ ಸಿಟ್ಟು ಬಂತು.

ಬಾಗಿಲಲ್ಲಿ ರಾಮಪ್ರಸಾದರು ನಿಂತಿದ್ದರು. ಊಟಕ್ಕೆ ಕರೆಯಲು ಬಂದಿರಬೇಕು.

"ಶುಭಾ, ತಲೆ ಉತ್ತರಕ್ಕಿದೆಯಮ್ಮ."

"ಗೊತ್ತು ಮಾವ."

"ಐದು ನಿಮಿಷ ಸಾಕು. ಏಳು."

"ನನ್ನ ತಲೆ ಯಾವ ಕಡೆ ತಿರುಗಿದೆ ಅಂತ ಇವತ್ತಾದರೂ ನೋಡಿದ್ರಲ್ಲ," ಅಂದಳು ಶುಭಾ, ಕಣ್ಣು ಮುಚ್ಚಿಕೊಂಡೇ. "ಬಾಗಿಲು ಹಾಕ್ಕೊಂಡು ಹೋಗಿ."