ಮೂವತ್ತೈದು ಗಜದ ಎಕ್ಸ್‌ಟ್ರಾ

ಗುಲಾಮ್ ಮೊಹಿಯುದ್ದೀನ್ ಅವರ ಕೈಯಲ್ಲಿ ತಪ್ಪಾಗುವುದಿಲ್ಲ ಎಂಬುದನ್ನು ಎಲ್ಲರಿಗಿಂತ ಮೊದಲು ನಂಬಿದವರು ಸ್ವತಃ ಗುಲಾಮ್ ಮೊಹಿಯುದ್ದೀನ್. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಭಾನುವಾರದ ಲೀಗ್ ಕ್ರಿಕೆಟ್ಟಿಗೆ ಸ್ಕೋರರ್ ಆಗಿದ್ದರು. ಅವರ ಸ್ಕೋರ್ ಪುಸ್ತಕಗಳಲ್ಲಿ ಒಂದೇ ಒಂದು ಅಂಕಿಯನ್ನೂ ಹೊಡೆದುಹಾಕಿ ಬರೆದದ್ದಿರಲಿಲ್ಲ. ಈಗ ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಪೊವೇ ಊರಿನ ಬಿಸಿನೆಸ್ ಪಾರ್ಕಿನಲ್ಲಿ ಬೇರೆಯವರ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಈ ಎರಡೂ ಸಂಗತಿಗಳನ್ನು ಹೊಸಬರಿಗೆ ಪರಿಚಯವಾದ ಹತ್ತು ನಿಮಿಷದೊಳಗೆ ತಿಳಿಸಿಬಿಡುತ್ತಿದ್ದರು.

2005ರ ಆಗಸ್ಟಿನಲ್ಲಿ ಮಗಳು ತೂಬಾ ಅವರಿಗೆ ಇನ್ನೊಂದು ಕೆಲಸ ಹಚ್ಚಿದಳು. ಅವಳು ಓದುತ್ತಿದ್ದ ಎಸ್ಕಾಲೆರಾ ಕಾಲೇಜಿನ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಂಕಿ ಅಂಶ ಬರೆಯುವವರು ಬೇಕಾಗಿದ್ದರು. ಇದ್ದವರು ಅರಿಜೋನಾಕ್ಕೆ ಮನೆ ಬದಲಾಯಿಸಿದ್ದರು. ಸಂಬಳವಿಲ್ಲ, ಶನಿವಾರ ಮಧ್ಯಾಹ್ನ ಒಂದು ಸ್ಯಾಂಡ್‌ವಿಚ್ ಉಂಟು ಎಂದು ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿದಳು. ನಿಯಮದ ಪುಸ್ತಕವನ್ನೂ ತಂದುಕೊಟ್ಟಳು.

"ಚೆಂಡಿನ ಆಕಾರ ಬೇರೆ, ಅಷ್ಟೇ. ಎಣಿಸೋದು ಎಣಿಸೋದೇ," ಎಂದು ಗುಲಾಮ್ ಪುಸ್ತಕವನ್ನು ಟಿವಿಯ ಮೇಲಿಟ್ಟರು. ಅದನ್ನು ತೆರೆದದ್ದು ಮೊದಲ ಪಂದ್ಯ ಮುಗಿದ ಮೇಲೆ.

ಮೈದಾನದ ಮೇಲೆ ಕಣ್ಣಿಟ್ಟು ಯಾರು ಎಷ್ಟು ಗಜ ಓಡಿದರು ಎಂದು ಕೂಗಿ ಹೇಳಲು ಇನ್ನೊಬ್ಬರು ಬೇಕಿತ್ತು. ಗುಲಾಮ್ ಹತ್ತಿರದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದ ಸುಬ್ರಹ್ಮಣ್ಯ ಮೇಷ್ಟ್ರನ್ನು ಕರೆತಂದರು. ಮೇಷ್ಟ್ರು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. 1978ರ ಒಂದು ಲೀಗ್ ಪಂದ್ಯದಲ್ಲಿ ತಾವು ಹೊಡೆದದ್ದು ಐವತ್ತು ರನ್ ಎಂದು ಅವರು ಇಂದಿಗೂ ಆಣೆ ಮಾಡುತ್ತಾರೆ. ಗುಲಾಮರ ಪುಸ್ತಕದಲ್ಲಿ ಅದು ನಲವತ್ತೊಂಬತ್ತು. ಅಂದಿನಿಂದ ಗುಲಾಮರ ಒಂದು ತಪ್ಪಿಗಾಗಿ ಕಾಯುತ್ತಿದ್ದರು.

ಹಿಂದಿನ ವರ್ಷ ಎರಡೇ ಪಂದ್ಯ ಗೆದ್ದಿದ್ದ ತಂಡ ಅದು. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ಕೋಚ್, ಚೆಂಡು ಸಿಕ್ಕಾಗಲೆಲ್ಲ ದೂರಕ್ಕೆ ಎಸೆಯಿರಿ ಎಂದುಬಿಟ್ಟರು. ಎಸೆಯುವ ಹೊಣೆ ಹೊತ್ತ ಕ್ವಾರ್ಟರ್‌ಬ್ಯಾಕ್, ಹನ್ನೊಂದನೇ ನಂಬರಿನ ಹುಡುಗ, ಎಸೆದ. ಹಿಡಿಯುವವರು ಹಿಡಿದರು. ಒಂಬತ್ತು ಪಂದ್ಯಗಳಲ್ಲಿ ತಂಡ ಆಕ್ರಮಣದಲ್ಲಿ ಮುನ್ನುಗ್ಗಿದ ಒಟ್ಟು ದೂರ 4,640 ಗಜ. ಲೀಗಿನ ದಾಖಲೆ 1988ರದು, 5,102 ಗಜ. ಅದನ್ನು ಮುರಿಯಲು ಕೊನೆಯ ಪಂದ್ಯದಲ್ಲಿ 463 ಬೇಕು. ಊರಿನ ಪತ್ರಿಕೆ ಈ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿತು. ಕೆಳಗೆ ಸಣ್ಣಕ್ಷರದಲ್ಲಿ ಮಾಹಿತಿ ಕೊಟ್ಟವರ ಹೆಸರೂ ಇತ್ತು. ಗುಲಾಮ್ ಆರು ಪ್ರತಿ ಕೊಂಡರು.

ಗುರುವಾರ ಸಂಜೆ ಲೀಗಿನ ಕಚೇರಿಗೆ ಕಳಿಸಲೆಂದು ಹಾಳೆಗಳನ್ನು ಮೊದಲಿನಿಂದ ಕೂಡಿಸುತ್ತಿದ್ದಾಗ ಅವರ ಪೆನ್ಸಿಲ್ ನಿಂತಿತು. ಮೊದಲ ಪಂದ್ಯ, ಸೆಪ್ಟೆಂಬರ್ 3. ಎದುರಾಳಿಗಳು ಮೂರು ಸಲ ನಿಯಮ ಮುರಿದಿದ್ದರು. ಅಂಪೈರು ದಂಡವಾಗಿ ಚೆಂಡನ್ನು ಹದಿನೈದು, ಹದಿನೈದು, ಐದು ಗಜ ಮುಂದಕ್ಕೆ ಇಟ್ಟಿದ್ದರು. ಆ ಮೂವತ್ತೈದು ಗಜವನ್ನೂ ಗುಲಾಮ್ ತಂಡದ ಮೊತ್ತಕ್ಕೆ ಸೇರಿಸಿದ್ದರು. ಕ್ರಿಕೆಟ್ಟಿನಲ್ಲಿ ಬೌಲರ್ ವೈಡ್ ಹಾಕಿದರೆ, ನೋ ಬಾಲ್ ಹಾಕಿದರೆ, ಬ್ಯಾಟಿಗೆ ಚೆಂಡು ತಾಗದಿದ್ದರೂ ರನ್ನು ತಂಡದ ಮೊತ್ತಕ್ಕೆ ಸೇರುತ್ತದೆ. ಎಕ್ಸ್‌ಟ್ರಾ. ಇಪ್ಪತ್ತೆರಡು ವರ್ಷದ ಅಭ್ಯಾಸದಲ್ಲಿ ಕೈ ತಾನಾಗಿ ಬರೆದಿತ್ತು. ಇಲ್ಲಿ ದಂಡದ ಗಜ ಯಾರ ಮೊತ್ತಕ್ಕೂ ಸೇರುವುದಿಲ್ಲ.

ನಿಜವಾದ ಮೊತ್ತ 4,605. ಬೇಕಾದದ್ದು 463 ಅಲ್ಲ, 498.

ಹೆಂಡತಿ ಕನೀಜ್ ಫಾತಿಮಾ ಚಹಾ ತಂದಿಟ್ಟು, ಮುಖ ಯಾಕೆ ಹೀಗಾಗಿದೆ ಎಂದು ಕೇಳಿದರು. ಪೆನ್ಸಿಲ್ ಮೊಂಡಾಗಿದೆ ಎಂದರು ಗುಲಾಮ್. ಆಮೇಲೆ ಕೂತು ಒಂದು ಉಪಾಯ ಹೂಡಿದರು. ತಂಡ ಪಂದ್ಯಕ್ಕೆ ಸರಾಸರಿ ಐನೂರಕ್ಕಿಂತ ಹೆಚ್ಚು ಗಜ ಗಳಿಸುತ್ತಿದೆ. ಶನಿವಾರವೂ ಅಷ್ಟು ಗಳಿಸಿದರೆ ಮೂವತ್ತೈದು ಅದರಲ್ಲೇ ಮುಚ್ಚಿಹೋಗುತ್ತದೆ. ದಾಖಲೆ ಮುರಿದ ಮೇಲೆ, ಎಲ್ಲರೂ ಕುಣಿಯುತ್ತಿರುವಾಗ, ತಿದ್ದಿದ ಹಾಳೆಯನ್ನು ಸದ್ದಿಲ್ಲದೆ ಕಳಿಸಿದರಾಯಿತು. ತಪ್ಪು ಸರಿಹೋಗುತ್ತದೆ, ತಪ್ಪಾಗಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ನವೆಂಬರ್ 12ರ ಶನಿವಾರ ಲಾಸ್ ಏಂಜಲೀಸ್ ಕಡೆಯ ಸ್ಯಾನ್ ಅರ್ಬಾನೋ ಕಾಲೇಜಿನಲ್ಲಿ ಪಂದ್ಯ. ದಾರಿಯಲ್ಲಿ ವೆಸ್ಟ್ ಕೊವಿನಾದ ಶಾಪಿಂಗ್ ಸೆಂಟರಿನಲ್ಲಿ ಊಟಕ್ಕೆ ನಿಂತಾಗ ಗುಲಾಮ್ ತಟ್ಟೆ ಮುಟ್ಟಲಿಲ್ಲ.

"ಯಾಕೆ ಸಾಹೇಬ್ರೇ, ದಾಖಲೆ ಮುರಿಯೋದು ನೀವೇ ಓಡಿನಾ?" ಎಂದರು ಮೇಷ್ಟ್ರು.

ಪಂದ್ಯದ ಅಂಕಿ ಬರೆಯುವುದು ಆತಿಥೇಯರ ಜನ. ಆದರೆ ಋತುವಿನ ಒಟ್ಟು ಮೊತ್ತ ಗುಲಾಮರ ಬಳಿ ಮಾತ್ರ ಇತ್ತು. ಹೀಗಾಗಿ ಅವರನ್ನೂ ಮೇಷ್ಟ್ರನ್ನೂ ಮೇಲಿನ ಗಾಜಿನ ಕೋಣೆಯಲ್ಲಿ, ಮೈಕ್ ಹಿಡಿದ ಘೋಷಕನ ಪಕ್ಕದಲ್ಲೇ ಕೂರಿಸಿದ್ದರು. ಕೆಳಗೆ ಕೋಚ್ ಪಕ್ಕದಲ್ಲಿ ಫೋನ್ ಹಿಡಿದು ನಿಂತವಳು ತೂಬಾ. ಮೂರು ಸಾವಿರ ಜನ ಸೇರಿದ್ದರು.

ಪಂದ್ಯ ಮುಗಿಯಲು ಎರಡು ನಿಮಿಷ ನಲವತ್ತು ಸೆಕೆಂಡು ಇರುವಾಗ ಎಸ್ಕಾಲೆರಾ 41–17ರಿಂದ ಮುಂದಿತ್ತು. ಹನ್ನೊಂದನೇ ನಂಬರಿನವನು ಹತ್ತೊಂಬತ್ತು ಗಜದ ಒಂದು ಎಸೆತ ಎಸೆದ.

"ನಾನ್ನೂರ ಅರವತ್ತಾರು!" ಮೇಷ್ಟ್ರು ಎದ್ದು ನಿಂತರು. "ಮುರೀತು ಸಾಹೇಬ್ರೇ! ಮೂರು ಗಜ ಜಾಸ್ತಿನೇ ಆಯ್ತು!"

ಪತ್ರಿಕೆಯ ತುಣುಕನ್ನು ಎದುರಿಗಿಟ್ಟುಕೊಂಡಿದ್ದ ಘೋಷಕ ಮೈಕಿಗೆ ಕೈ ಹಾಕಿದ. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು. ದಾಖಲೆ ಆಯಿತಲ್ಲ, ಹನ್ನೊಂದನೇ ನಂಬರಿನವನನ್ನು ಹೊರಗೆ ಕರೆಯಬಹುದೇ ಎಂದು ಕೋಚ್ ಕೇಳುತ್ತಿದ್ದಾರೆ ಎಂದಳು ತೂಬಾ.

"ಇನ್ನೂ ಆಗಿಲ್ಲ," ಎಂದರು ಗುಲಾಮ್.

"ಆಗಿಲ್ವಾ? ಅಂಕಿ ನಿಮ್ದೇ, ಪೇಪರಲ್ಲಿ ಹೆಸರೂ ನಿಮ್ದೇ!" ಮೇಷ್ಟ್ರು ಕನ್ನಡಕ ತೆಗೆದರು. "ಕೂಡಿಸೋಕೆ ಬರುತ್ತೆ ಕಣ್ರೀ ನನಗೆ."

"ಕೂಡಿಸಿದ್ದು ಸರಿ ಇದೆ ಮೇಷ್ಟ್ರೇ. ಮೊದಲ್ನೇ ಮ್ಯಾಚಲ್ಲಿ..." ಗುಲಾಮ್ ಕಿಟಕಿಯ ಕಡೆ ತಿರುಗಿದರು. "ಪೆನಾಲ್ಟಿ ಗಜ ಸೇರಿಸಿಬಿಟ್ಟಿದ್ದೀನಿ. ವೈಡ್ ಅನ್ಕೊಂಡು."

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಗುಲಾಮರ ಮುಖವನ್ನು ಚೆನ್ನಾಗಿ ನೋಡಿ, "ಇನ್ನೊಂದ್ಸಲ ಹೇಳಿ," ಎಂದರು.

"ಟೈಮಿಲ್ಲ!"

ಸುಮ್ಮನಿದ್ದರೆ ಘೋಷಕ ಸುಳ್ಳು ದಾಖಲೆ ಸಾರುತ್ತಾನೆ, ಹುಡುಗರು ಮೈದಾನ ಬಿಟ್ಟು ಬರುತ್ತಾರೆ, ಮುಂದಿನ ವಾರ ಲೀಗಿನವರು ಅದನ್ನು ಅಳಿಸುತ್ತಾರೆ. ಗುಲಾಮ್ ಒಂದು ಕೈಯಿಂದ ಘೋಷಕನ ಮೈಕ್ ಮುಚ್ಚಿದರು, ಇನ್ನೊಂದರಿಂದ ಫೋನ್ ಹಿಡಿದರು. ಇಬ್ಬರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಇನ್ನೂ ಮೂವತ್ತೆರಡು ಗಜ ಬೇಕು ಎಂದರು.

ಘೋಷಕನಿಗೆ ಇದು ಇನ್ನೂ ಒಳ್ಳೆಯ ಸುದ್ದಿ. ಎಸ್ಕಾಲೆರಾದ ಅಂಕಿ ಬರೆಯುವ ಮಹನೀಯರು ಮೂವತ್ತೈದು ಗಜ ತಪ್ಪಾಗಿ ಸೇರಿಸಿಬಿಟ್ಟಿದ್ದಾರೆ ಎಂದು ಮೈದಾನಕ್ಕೆಲ್ಲ ಸಾರಿದ, ಹೆಸರು ಸಮೇತ. ಮೂರು ಸಾವಿರ ಜನ ತಲೆಯೆತ್ತಿ ಗಾಜಿನ ಕೋಣೆಯ ಕಡೆ ನೋಡಿದರು. ಮೇಷ್ಟ್ರು ಎದ್ದು, ಬೆರಳಿನಿಂದ ಗುಲಾಮರನ್ನು ತೋರಿಸಿದರು.

ಎದುರಾಳಿಯ ಗೋಲಿನ ಗೆರೆಗೆ ಇನ್ನು ನಲವತ್ತು ಗಜ ಇತ್ತು. ಮೊದಲ ಓಟಕ್ಕೆ ಹನ್ನೊಂದು. ಎರಡನೆಯದಕ್ಕೆ ಹದಿನಾಲ್ಕು. ಮೂರನೆಯ ಆಟದಲ್ಲಿ ಹನ್ನೊಂದನೇ ನಂಬರಿನವನನ್ನು ಚೆಂಡು ಎಸೆಯುವ ಮೊದಲೇ ಕೆಡವಿದರು. ನಾಲ್ಕು ಗಜ ವಾಪಸ್.

"ಈ ನಾಲ್ಕು ಕಳೀಬೇಕು ತಾನೇ?" ಮೇಷ್ಟ್ರು ಕೇಳಿದರು. "ಕೇಳ್ಬಿಡೋದು ಒಳ್ಳೇದು. ನಿಮ್ದು ಬೇರೆ ಪದ್ಧತಿ ಇರಬಹುದು."

"ಕಳೀರಿ!"

ನಾಲ್ಕನೆಯದು ಹತ್ತು ಗಜದ ಎಸೆತ. 497. ಒಟ್ಟು 5,102, ಹಳೆಯ ದಾಖಲೆಗೆ ಸರಿಸಮ. ಇಪ್ಪತ್ತೈದು ಸೆಕೆಂಡು ಉಳಿದಿತ್ತು. ಗೆಲ್ಲುತ್ತಿರುವ ತಂಡ ಈ ಹಂತದಲ್ಲಿ ಮತ್ತೆ ಮುನ್ನುಗ್ಗುವುದಿಲ್ಲ; ಚೆಂಡು ಹಿಡಿದವನು ಮಂಡಿಯೂರುತ್ತಾನೆ, ಗಡಿಯಾರ ಓಡುತ್ತದೆ, ಎಲ್ಲರೂ ಕೈ ಕುಲುಕುತ್ತಾರೆ. ಅದು ಆಟದ ಮರ್ಯಾದೆ. ಸರಿಸಮವಾದರೂ ಸಾಕು, ಮಂಡಿಯೂರುತ್ತೇವೆ ಎಂದು ಕೋಚ್ ಹೇಳಿಕಳಿಸಿದರು.

ಗುಲಾಮ್ ಫೋನಿಗೆ ಬಾಯಿ ಹಚ್ಚಿದರು. ನಿಯಮದ ಪುಸ್ತಕವನ್ನು ಅವರು ಈಗ ಪೂರ್ತಿ ಓದಿದ್ದರು.

"ಮಂಡಿ ಊರಬೇಡ ಅನ್ನು ತೂಬಾ! ಮಂಡಿ ಊರಿದ್ರೆ ಒಂದು ಗಜ ಹಿಂದೆ ಹೋದ ಲೆಕ್ಕ, ಅದನ್ನ ಕಳೀತಾರೆ. ಸಮಾನೂ ಇರಲ್ಲ, ಒಂದು ಕಮ್ಮಿ ಆಗುತ್ತೆ!"

ಕೆಳಗೆ ಕೋಚ್ ತೂಬಾಳನ್ನು ದಿಟ್ಟಿಸಿದರು. ವರ್ಷವಿಡೀ ಮಂಡಿಯೂರಿ ಎಷ್ಟು ಗಜ ಕಳೆದುಕೊಂಡೆವು ಎಂದು ಅವರು ಕೇಳಿದ್ದು ಫೋನಿನಲ್ಲೇ ಕೇಳಿಸಿತು. ಹದಿಮೂರು ಎಂದರು ಗುಲಾಮ್, ತಡವರಿಸದೆ. ಮರ್ಯಾದೆಗೆಂದು ಅಷ್ಟು ಕೊಟ್ಟ ಮೇಲೆ ಒಂದನ್ನು ವಾಪಸ್ ಪಡೆಯಬಹುದು ಎಂಬಂತೆ ಕೋಚ್ ಮೈದಾನದ ಕಡೆ ಒಂದು ಕೈಸನ್ನೆ ಮಾಡಿದರು.

ಎದುರಾಳಿಗಳು ಆಟ ಮುಗಿಯಿತೆಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹನ್ನೊಂದನೇ ನಂಬರಿನವನು ಚೆಂಡು ತೆಗೆದುಕೊಂಡ, ಮಂಡಿ ಬಗ್ಗಿಸುವವನಂತೆ ಬಗ್ಗಿದ, ಮುಂದಿದ್ದ ಗೆಳೆಯನ ಬೆನ್ನ ಮೇಲೆ ದಢಕ್ಕನೆ ಬಿದ್ದ. ಒಂದು ಗಜ.

5,103.

ಮೈದಾನಕ್ಕೆ ಮೈದಾನವೇ ಹೋ ಎಂದು ಬೈಯತೊಡಗಿತು. ಇಪ್ಪತ್ತನಾಲ್ಕು ಅಂಕ ಮುಂದಿದ್ದೂ ಇಂಥ ಮೋಸವೇ! ಸ್ವಲ್ಪ ಹೊತ್ತು ಆ ಹುಡುಗನನ್ನು ಬೈದರು, ಆಮೇಲೆ ಕೋಚನ್ನು, ಕೊನೆಗೆ ಒಬ್ಬೊಬ್ಬರಾಗಿ ಮೇಲಿನ ಗಾಜಿನ ಕಡೆ ತಿರುಗಿದರು. ಗುಲಾಮ್ ತಲೆ ತಗ್ಗಿಸಿ ಮೊದಲ ಪಂದ್ಯದ ಹಾಳೆಯಲ್ಲಿ ಮೂರು ಅಂಕಿಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕಿದರು.

ಕಾರು ಹೊರಡುವ ಹೊತ್ತಿಗೆ ಮೇಷ್ಟ್ರ ಮೊಬೈಲ್ ರಿಂಗಾಯಿತು. ಅವರು ಸ್ಪೀಕರ್ ಒತ್ತಿದರು. ಗಂಡನೊಡನೆ ಯಾವಾಗಲೂ ಉರ್ದುವಿನಲ್ಲೇ ಮಾತಾಡುವ ಕನೀಜ್ ಫಾತಿಮಾ, ಕಾರಿನಲ್ಲಿರುವ ಇಬ್ಬರಿಗೂ ಪೂರ್ತಿ ಅರ್ಥವಾಗಲೆಂದು ಕನ್ನಡದಲ್ಲಿ ಶುರು ಮಾಡಿದರು.

"ಮೇಷ್ಟ್ರೇ, ತೂಬಾ ಏನೋ ಹೇಳಿದ್ಲು, ನನಗೆ ನಂಬಿಕೆ ಬರಲಿಲ್ಲ. ತಪ್ಪು ನನ್ನದು ಅಂತ ಅವರ ಬಾಯಿಂದಲೇ ಬಂತಾ?"

"ಬಂತು ತಾಯಿ. ನಾನೇ ಸಾಕ್ಷಿ."

"ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಒಂದ್ಸಲ ಕೇಳೋಕೆ ಸಿಕ್ಕಿಲ್ಲ. ಯಾರೋ ಮೂರು ಸಾವಿರ ಜನಕ್ಕೆ ಪುಕ್ಕಟೆ ಹೇಳಿಬಂದ್ರಾ? ಫೋನ್ ಕೊಡಿ ಅವರಿಗೆ. ನನಗೂ ಒಂದ್ಸಲ ಹೇಳಲಿ."

ಮೇಷ್ಟ್ರು ಮೊಬೈಲನ್ನು ಸ್ಟೀರಿಂಗ್ ಪಕ್ಕಕ್ಕೆ ಹಿಡಿದರು.

"ಫ್ರೀವೇ ಬಂತು, ಇಡು," ಎಂದರು ಗುಲಾಮ್.

ಫ್ರೀವೇ ಇನ್ನೂ ಎರಡು ಮೈಲಿ ದೂರವಿತ್ತು.