ಏಳನೆಯ ಪೆಟ್ಟಿಗೆ

“ಎಪ್ಪತ್ತೆರಡ್ರೀ ಸರ,” ಎಂದು ಸಿಪಾಯಿ ಮಡಿವಾಳೆಪ್ಪ ಏಳನೆಯ ಪೆಟ್ಟಿಗೆಯ ಚೀಟಿಯನ್ನು ಎತ್ತಿ ಹಿಡಿದ. ಬರಬೇಕಾದದ್ದು ಮೂವತ್ತು.

ಬೈಲಹೊಂಗಲದ ಕಾಲೇಜಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಗಣಿತದ ಮಾಸ್ತರ ರಘೋತ್ತಮ ೧೯೭೮ರ ಬೇಸಿಗೆ ರಜೆಯಲ್ಲಿ ಮುಂಬಯಿಗೆ ಹೋಗಿ ಮೂರು ವಾರ ಅದರ ಪಾಠ ಕಲಿತು ಬಂದಿದ್ದ. ಯಂತ್ರವನ್ನು ಕಂಡದ್ದು ಮಾತ್ರ ಗಾಜಿನ ಆಚೆಯಿಂದ. ಆ ಮಾತನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹುಡುಗರಿಗೆ ಮೂರು ದಿನದ ಶಿಬಿರ ನಡೆಸಬೇಕೆಂದು ಸೀಮೆಸುಣ್ಣದ ಖಾಲಿ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ನಂಬರು ಹಚ್ಚಿ, ಅದನ್ನೇ ಯಂತ್ರ ಮಾಡಿದ್ದ. ಪೆಟ್ಟಿಗೆಗಳು ಯಂತ್ರದ ನೆನಪು. ಹಾಳೆಯಲ್ಲಿ ಬರೆದ ಆಜ್ಞೆಯಂತೆ ಚೀಟಿ ತೆಗೆದು, ಕೂಡಿಸಿ, ಹಾಕುವ ಮಡಿವಾಳೆಪ್ಪ ಅದರ ಕೈ.

“ಹಾಳ್ಯಾಗ ಬರದಷ್ಟ ಮಾಡಬೇಕು. ನಿನ್ನ ಶಾಣ್ಯಾತನ ಬ್ಯಾಡ,” ಎಂದು ರಘೋತ್ತಮ ಅವನಿಗೆ ಎರಡು ದಿನ ತಾಲೀಮು ಕೊಟ್ಟಿದ್ದ. ಹಾಳೆ ಮಡಿವಾಳೆಪ್ಪನಿಗೆ ಬಾಯಿಪಾಠವಾಗಿತ್ತು. ಇವತ್ತು ತನ್ನೂರು ಸಂಪಗಾಂವದಿಂದ ಇಸ್ತ್ರಿ ಮಾಡಿದ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ಹುಡುಗರ ಜೊತೆ ಕೂತಿದ್ದ ಪ್ರಿನ್ಸಿಪಾಲ ತ್ರ್ಯಂಬಕರಾಯರು ನೋಡಿ ಒಪ್ಪಿದರೆ ನಾಳೆಯಿಂದ ಶಿಬಿರ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರಘೋತ್ತಮ ಸಿಪಾಯಿಯ ಮೇಲೆ ರೇಗಿದ.

“ನಿನ್ನಿ ಚೀಟಿ ಹಂಗ ಬಿಟ್ಟೀಯಲ್ಲೋ ಮಡಿವಾಳೆಪ್ಪಾ! ಇದೇನು ನಿಮ್ಮನಿ ಜ್ವಾಳದ ಕೊಳಗ ಅಂತ ತಿಳಿದಿಯೇನು, ಬರಿದು ಇಡಬಾರದು ಅಂತ ನಾಕ ಕಾಳು ಬಿಡ್ಲಿಕ್ಕೆ?”

ಹುಡುಗರು ಹೋ ಎಂದು ನಕ್ಕರು. ನಕ್ಕವರ ಮನೆಗಳಲ್ಲೂ ಕೊಳಗದ ತಳದಲ್ಲಿ ನಾಲ್ಕು ಕಾಳು ಬಿಡುತ್ತಿದ್ದರು.

“ಹಾಳ್ಯಾಗ ಇದ್ದಂಗ ಮಾಡೇನ್ರೀ ಸರ.”

ರಘೋತ್ತಮ ಹಾಳೆ ಕಸಿದುಕೊಂಡ. ಎಂಟು ಸಾಲು, ತನ್ನದೇ ದುಂಡನೆಯ ಅಕ್ಷರ. ಮೊದಲು ಏಳನೆಯ ಪೆಟ್ಟಿಗೆಯಲ್ಲಿ ಸೊನ್ನೆ ಹಾಕು ಎಂಬ ಸಾಲು ಎಲ್ಲಿಯೂ ಇರಲಿಲ್ಲ. ತಾಲೀಮಿನಲ್ಲಿ ಪ್ರತಿ ಸಲ ತಾನೇ ಪೆಟ್ಟಿಗೆ ಬರಿದು ಮಾಡುತ್ತಿದ್ದ. ನಿನ್ನೆ ಕೊನೆಯ ಸಲದ ನಲವತ್ತೆರಡು ಅಲ್ಲೇ ಉಳಿದು, ಇವತ್ತಿನ ಮೂವತ್ತನ್ನು ಕೂಡಿಕೊಂಡಿತ್ತು.

“ಯಾರದ್ರೀ ತಪ್ಪು? ಹಾಳೀದೋ, ಇವಂದೋ?” ಎಂದರು ತ್ರ್ಯಂಬಕರಾಯರು. “ಹಾಳೀದಾದ್ರ ಶಿಬಿರ ಮುಂದಿನ ವರ್ಷ ನೋಡೋಣಂತ.”

ರಘೋತ್ತಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಳಿಸಿದ.

“ನಂದ ಇರಬೇಕ್ರೀ ಸಾಹೇಬ್ರ,” ಎಂದ ಮಡಿವಾಳೆಪ್ಪ. “ವಯಸ್ಸಾತು. ಎಲ್ಲೆರ ಒಂದ ಸಾಲ ಬಿಟ್ಟೇನಿ.”

“ಹಂಗಾದ್ರ ನಾಳಿಂದ ಒಬ್ಬ ಹುಡುಗನ್ನ ನಿಂದರಸ್ರಿ. ಇವಾ ಗಂಟಿ ಬಾರಸ್ಲಿ.”

ಎಲ್ಲರೂ ಹೋದ ಮೇಲೆ ಮಡಿವಾಳೆಪ್ಪ ಪೆಟ್ಟಿಗೆಗಳನ್ನು ಜೋಡಿಸುತ್ತ ಮೆಲ್ಲಗೆ ಕೇಳಿದ: “ಸರ, ಯಾವ ಸಾಲ ಬಿಟ್ಟೆ ಅಂತ ತೋರಸ್ರಿ. ತಿದ್ಕೊಂತೇನಿ.”

“ಇರ್ಲಿ ಬಿಡೋ,” ಎಂದ ರಘೋತ್ತಮ. ಕಿಸೆಯ ಮೇಲಿನ ಕೈ ತೆಗೆಯಲಿಲ್ಲ.

ಮರುದಿನ ಭರಮಪ್ಪನೆಂಬ ಹುಡುಗ ಪೆಟ್ಟಿಗೆಗಳ ಮುಂದೆ ನಿಂತ. ರಘೋತ್ತಮ ಹಲಗೆಯ ಮೇಲೆ ಆಜ್ಞೆಗಳನ್ನು ಬರೆಯತೊಡಗಿದ. ಸೊನ್ನೆ ಹಾಕುವ ಮೊದಲ ಸಾಲಿಗೆ ಕೈ ತಡೆಯಿತು. ಬರೆಯದೆ ಗತಿಯಿರಲಿಲ್ಲ, ಬರೆದ. ಹುಡುಗರು ತಲೆ ತಗ್ಗಿಸಿ ಇಳಿಸಿಕೊಂಡರು.

ಒಂಬತ್ತೂ ಸಾಲು ಮುಗಿಸಿ ತಿರುಗಿದಾಗ, ಕುಡಿಯುವ ನೀರಿನ ಕೊಡ ಹೊತ್ತ ಮಡಿವಾಳೆಪ್ಪ ಬಾಗಿಲಲ್ಲಿ ನಿಂತಿದ್ದ. ತುಟಿ ಅಲುಗುತ್ತಿದ್ದವು. ಕೊಡವನ್ನು ಇಳಿಸಿ, ಹಲಗೆ ನೋಡುತ್ತ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಬೆರಳು ಮಡಚಿದ. ಎಂಟು ಮಡಚಿದ. ಒಂಬತ್ತನೆಯದರ ಮೇಲೆ ನಿಂತ. ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ರಘೋತ್ತಮನತ್ತ ನೋಡದೆ, ಸದ್ದಾಗದಂತೆ ಕೊಡದ ಮೇಲೆ ಮುಚ್ಚಳ ಇಟ್ಟು ಹೊರಟುಹೋದ.

ರಘೋತ್ತಮ ಹಲಗೆಯ ಕಡೆ ತಿರುಗಿ, ಬರೆದ ಸೊನ್ನೆಯ ಮೇಲೆಯೇ ಸೀಮೆಸುಣ್ಣ ಆಡಿಸುತ್ತ ನಿಂತ. ಸೊನ್ನೆ ದಪ್ಪಗಾಗುತ್ತ ಹೋಯಿತು.